ಎಣ್ಣಿ ರಾಕ್ಷಸಿಗೆ ಗೊತ್ತಿಲ್ಲದ ಗುಡ್ಡ

ಹೋದ ವರ್ಷದಿಂದ ನನಗೊಂದು ಹೊಸ ಚಟ ಅಂಟಿಕೊಂಡಿದೆ. ಎಲ್ಲಿಗೆ ಹೋದರೂ ಅಲ್ಲಿ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಸುತ್ತ ನೋಡುವುದು. ಬ್ಯಾಂಕಾಗಲಿ, ಬಸ್ ಸ್ಟ್ಯಾಂಡಾಗಲಿ, ಮದುವೆಯ ಮಂಟಪವಾಗಲಿ, ನನಗೆ ಎಲ್ಲವೂ ಒಂದೇ. ಅರವತ್ತರ ಸಮೀಪಕ್ಕೆ ಬಂದ, ಆರಡಿಗೆ ಎರಡೇ ಬೆರಳು ಕಡಿಮೆಯಿರುವ ಹೆಂಗಸು ಹೀಗೆ ಇದ್ದಕ್ಕಿದ್ದಂತೆ ನೆಲಕ್ಕೆ ಕುಳಿತರೆ ಜನ ನೀರು ತರಲು ಓಡುತ್ತಾರೆ. ನನಗೆ ತಲೆ ಸುತ್ತಿಲ್ಲ, ಊರು ನೋಡುತ್ತಿದ್ದೇನೆ ಎಂದು ಹೇಳಿದರೆ ಇನ್ನಷ್ಟು ಗಾಬರಿಯಾಗುತ್ತಾರೆ. ನಿಮಗೂ ಗಾಬರಿಯಾಗಿರಬಹುದು. ಸ್ವಲ್ಪ ತಾಳಿಕೊಳ್ಳಿ, ಇದಕ್ಕೊಂದು ಕಾರಣವಿದೆ, ಮತ್ತು ಆ ಕಾರಣದಲ್ಲಿ ನಾನು ರಾಕ್ಷಸಿ.

ಬೈಲಹೊಂಗಲದಲ್ಲಿ ನನಗೆ ಮೊದಲು ಈ ಸುದ್ದಿ ಹೇಳಿದವಳು ಕಾಯಿಪಲ್ಲೆ ಮಾರುವ ರುದ್ರವ್ವ. ಬದನೆಕಾಯಿ ಆರಿಸುತ್ತಿದ್ದ ನನ್ನ ಮುಖವನ್ನೇ ದಿಟ್ಟಿಸಿ, ನೀವು ಪುಸ್ತಕದಾಗ ಬಂದೀರಿ ಎಂದಳು. ಪಕ್ಕದಲ್ಲಿದ್ದ ಆಕೆಯ ಮೊಮ್ಮಗಳು ನನ್ನನ್ನು ಕಂಡು ತಕ್ಕಡಿಯ ಹಿಂದೆ ಅವಿತುಕೊಂಡಳು. ಆ ಹುಡುಗಿಗೆ ನಾನು ಎಂದೂ ಏನೂ ಅಂದವಳಲ್ಲ. ಬಸ್ ಸ್ಟ್ಯಾಂಡಿನ ಎದುರಿನ ನೋಟ್‌ಬುಕ್ ಅಂಗಡಿಗೆ ಹೋಗಿ ನೋಡಿದರೆ ದಾರಕ್ಕೆ ಬಟ್ಟೆಯ ಚಿಮಟಿ ಹಾಕಿ ಕಾಮಿಕ್ ಪುಸ್ತಕಗಳನ್ನು ತೂಗುಬಿಟ್ಟಿದ್ದರು. ಹೆಸರು ‘ಎಣ್ಣಿ ರಾಕ್ಷಸಿ’. ಮುಖಪುಟದಲ್ಲಿ ನೀರಿನ ಟಾಕಿಯಷ್ಟು ಎತ್ತರದ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಕುಂಟೆಯಂಥ ಬಾಚಣಿಕೆ ಹಿಡಿದು ಬೈಲಹೊಂಗಲವನ್ನು ದಾಟಿ ಬರುತ್ತಿದ್ದಳು. ಆಕೆಯ ಗಲ್ಲದ ಎಡಕ್ಕೆ ಮಚ್ಚೆ. ನನ್ನ ಗಲ್ಲದ ಎಡಕ್ಕೂ ಮಚ್ಚೆಯಿದೆ. ಅಂಗಡಿಯವನು ನನ್ನಿಂದ ಪುಸ್ತಕದ ದುಡ್ಡು ತೆಗೆದುಕೊಳ್ಳಲಿಲ್ಲ, ಬದಲಿಗೆ ಅದರ ಮೇಲೊಂದು ಸಹಿ ಕೇಳಿದ.

ಬರೆದವಳು ನನ್ನ ತಂಗಿಯ ಮಗಳು ಸುಮಿ. ಧಾರವಾಡದಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಆಕೆ ಸಾಲೆಗೆ ಸೇರಿ ಒಂದನೇ ಇಯತ್ತೆಯಲ್ಲಿದ್ದಾಗ ನನ್ನ ತಂಗಿ ರಾಮದುರ್ಗದಲ್ಲಿ ಎರಡನೆಯ ಬಸುರಿ. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರಿಂದ ಸುಮಿ ಒಂದು ವರ್ಷ ನಮ್ಮಲ್ಲೇ ಇದ್ದಳು. ನನಗೆ ಇಬ್ಬರೂ ಗಂಡುಮಕ್ಕಳು, ಇಬ್ಬರದೂ ಬೋಳು ಕಟಿಂಗು. ನನ್ನ ಬಾಚಣಿಕೆಗೂ ರಿಬ್ಬನ್ನಿನ ಆಸೆಗೂ ಆ ವರ್ಷವೇ ಮೊದಲ ಗಿರಾಕಿ ಸಿಕ್ಕಿದ್ದು. ರವಿವಾರ ಬಂತೆಂದರೆ ತಾಮ್ರದ ಹಂಡೆಗೆ ಬೆಂಕಿ ಹಾಕಿ, ಔಡಲ ಎಣ್ಣೆ ಬೆಚ್ಚಗೆ ಮಾಡಿ ಮಗುವನ್ನು ಹುಡುಕಲು ಹೊರಡುತ್ತಿದ್ದೆ. ಆಕೆ ಮಂಚದ ಕೆಳಗೆ, ಅರಳೆಯ ಚೀಲಗಳ ಹಿಂದೆ, ಒಮ್ಮೆಯಂತೂ ಖಾಲಿ ಬಿದ್ದಿದ್ದ ಜೋಳದ ಕಣಜದೊಳಗೆ ಅಡಗಿದ್ದಳು. ಹಿಡಿದು ತಂದು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದರೆ ಹಾಕುತ್ತಿದ್ದ ಕೂಗಿಗೆ ಓಣಿಯವರು ಗೋಡೆಯಿಂದ ಇಣುಕುತ್ತಿದ್ದರು. ನಾನು ಅದನ್ನು ಪ್ರೀತಿ ಎಂದು ತಿಳಿದಿದ್ದೆ.

ಕಥೆ ಹೀಗಿದೆ. ಗುಬ್ಬಿ ಎಂಬ ಹುಡುಗಿಗೆ ರಾಕ್ಷಸಿ ಹಿಡಿಹಿಡಿದು ಎಷ್ಟು ಎಣ್ಣೆ ಹಚ್ಚಿದ್ದಾಳೆಂದರೆ ಈಗ ಆಕೆ ಯಾರ ಕೈಗೂ ನಿಲ್ಲುವುದಿಲ್ಲ. ಕಳ್ಳರು ಹಿಡಿದರೆ ಜಾರುತ್ತಾಳೆ, ಪೊಲೀಸರು ಹಿಡಿದರೆ ಜಾರುತ್ತಾಳೆ, ಹೆಡ್‌ಮಾಸ್ತರರಂತೂ ಆಕೆಯನ್ನು ಹಿಡಿಯಲು ಹೋಗಿ ತಾವೇ ಜಾರಿ ಹತ್ತಿಯ ಮಾರುಕಟ್ಟೆಯತನಕ ಹೋಗುತ್ತಾರೆ. ಈ ಜಾರುವ ಬಲದಿಂದಲೇ ಗುಬ್ಬಿ ಅರಳೆ ಕಳ್ಳರನ್ನು ಬೆನ್ನಟ್ಟುತ್ತಾಳೆ, ಕಿತ್ತೂರಿನ ಕೋಟೆಯ ಮುರಿದ ಗೋಡೆಗಳ ನಡುವೆ ಹುಚ್ಚೆದ್ದ ಹೋರಿಯನ್ನು ದಣಿಸುತ್ತಾಳೆ, ನವಿಲುತೀರ್ಥದಲ್ಲಿ ಅಣೆಕಟ್ಟಿನ ಬಿಗಿದುಕೊಂಡ ಬಾಗಿಲಿಗೆ ತನ್ನ ಜಡೆ ಹಿಂಡಿ ಎಣ್ಣೆ ಬಿಡುತ್ತಾಳೆ. ಪುಟದಿಂದ ಪುಟಕ್ಕೆ ಹಿಂದೆಯೇ ನಾನು, ಬಾಚಣಿಕೆ ಹಿಡಿದುಕೊಂಡು. ಒಳಪುಟದಲ್ಲಿ, ಇದರಲ್ಲಿರುವ ಜಾಗಗಳೆಲ್ಲ ನಿಜ ಎಂದು ಅಚ್ಚಾಗಿತ್ತು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಕೊನೆಯ ಪುಟದಿಂದ. ಅದೊಂದೇ ಬಣ್ಣದ್ದು. ಅಲ್ಲಿ ಗುಬ್ಬಿಯೂ ಇಲ್ಲ, ರಾಕ್ಷಸಿಯೂ ಇಲ್ಲ, ಒಂದು ಗುಡ್ಡವಿದೆ. ಕಪ್ಪು ಗುಡ್ಡ, ಬಿಸಿಲಿಗೆ ಫಳಫಳ ಹೊಳೆಯುತ್ತದೆ. ನಟ್ಟನಡುವೆ ಕೋಲಿನಂತೆ ನೆಟ್ಟಗೆ ಒಂದು ಬಿಳಿ ದಾರಿ, ದಾರಿಯ ಆಚೆ ತುದಿಗೆ ಒಂದು ಕೆಂಪು ಚುಕ್ಕೆ, ಬುಡದಲ್ಲಿ ಕೇಸರಿ ಬಣ್ಣದ ಬೇಲಿ. ಗುಡ್ಡದಾಚೆ ಹೊಲಗಳು, ಹಸಿರು, ಹಳದಿ, ನೀಲಿ, ನಡುನಡುವೆ ಸಣ್ಣ ಪೊದೆಗಳು. ಕೆಳಗೆ ಗುಬ್ಬಿಯ ಮಾತು ಹೀಗಿತ್ತು: “ಇಲ್ಲಿ ನನಗೆ ಯಾರ ಭಯವೂ ಇಲ್ಲ. ಈ ಜಾಗ ಎಣ್ಣಿ ರಾಕ್ಷಸಿಗೆ ಗೊತ್ತೇ ಇಲ್ಲ.”

ಒಂದು ವರ್ಷ ಮಗ್ಗುಲಲ್ಲಿ ಮಲಗಿಸಿಕೊಂಡ ಮಗು. ಅದಕ್ಕೆ ನನ್ನಿಂದ ತಪ್ಪಿಸಿಕೊಂಡು ಹೋಗಲು ಒಂದು ಜಾಗವಿತ್ತು, ಅಲ್ಲಿ ಮಾತ್ರ ಅದಕ್ಕೆ ಭಯವಿರಲಿಲ್ಲ. ಇದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಸುಮಿಗೆ ಫೋನು ಮಾಡಿ, ರಾಕ್ಷಸಿ ನಾನೇ ಹೌದೋ ಅಲ್ಲವೋ ಎಂದು ಕೇಳಿದೆ. ಮಚ್ಚೆ ನೋಡಲಿಲ್ಲವೇ ಎಂದು ನಕ್ಕಳು. ಹಾಗಾದರೆ ಆ ಗುಡ್ಡ ಎಲ್ಲಿದೆ, ಅದನ್ನಾದರೂ ಹೇಳು ಎಂದೆ.

“ಹೇಳೂದಿಲ್ಲ ದೊಡ್ಡವ್ವ. ಹುಡುಕು. ಖರೇನ ಐತಿ ಅದು.”

ಕ್ಲಾಸಿಗೆ ಹೊತ್ತಾಯಿತೆಂದು ಫೋನು ಇಟ್ಟುಬಿಟ್ಟಳು. ನಾನೂ ಹಟಮಾರಿ. ಆ ಗುಡ್ಡದ ಮೇಲೆ ನಿಂತು, ನೋಡು, ನನಗೂ ಗೊತ್ತಾಯಿತು ಎಂದು ಆಕೆಗೆ ಹೇಳುವತನಕ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ನಮ್ಮ ಮನೆಯವರು ಹತ್ತಿಯ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ ಬಿಟ್ಟ ಮೇಲೆ ಬೇಸರದಲ್ಲಿದ್ದರು, ಮೊಣಕಾಲು ನೋವೊಂದೇ ಅವರ ಉದ್ಯೋಗವಾಗಿತ್ತು. ಅವರನ್ನೂ ಎಬ್ಬಿಸಿಕೊಂಡು ಹೊರಟೆ. ಮೊದಲು ಊರೊಳಗಿನ ಚಿತ್ರಗಳನ್ನು ಒಂದೊಂದಾಗಿ ತಾಳೆ ಹಾಕೋಣ, ಗುಡ್ಡದ ಸುಳಿವು ತಾನಾಗಿ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ.

ತಾಳೆಯಾಗಲಿಲ್ಲ. ಪುಸ್ತಕದಲ್ಲಿ ಬ್ಯಾಂಕಿನ ಮೆಟ್ಟಿಲುಗಳು ಘಟ್ಟದಂತಿದ್ದವು, ನಿಜದಲ್ಲಿ ಮೂರೇ ಮೆಟ್ಟಿಲು. ಅಂಚೆಪೆಟ್ಟಿಗೆ ಮನುಷ್ಯನಿಗಿಂತ ದೊಡ್ಡದು. ದರ್ಜಿಯ ಅಂಗಡಿಯಲ್ಲಿ ದರ್ಜಿಯೇ ಇಲ್ಲ, ಬರೀ ಎರಡು ಪಾದ ಮತ್ತು ಮಷಿನ್ನಿನ ಪೆಡಲು. ಹುಡುಗಿಗೆ ಅಳತೆಯೇ ಬರುವುದಿಲ್ಲ, ಇವಳಿಗೆ ಸಂಬಳ ಕೊಟ್ಟು ಯಾರು ಇಟ್ಟುಕೊಂಡರು ಎಂದು ನಾನು ನಡುರಸ್ತೆಯಲ್ಲೇ ಬೈಯತೊಡಗಿದೆ. ಇವರು ಮೊಣಕಾಲು ಹಿಡಿದುಕೊಂಡು, ದರ್ಜಿಯ ಅಂಗಡಿಯ ಎದುರಿನ ಹೊಸ್ತಿಲ ಮೇಲೆ ಕುಸಿದು ಕೂತರು. ಪುಸ್ತಕವನ್ನೂ ಅಂಗಡಿಯನ್ನೂ ತಿರುತಿರುಗಿ ನೋಡಿ ನನ್ನನ್ನು ಕರೆದರು.

“ಶಾಂತಾ, ಇಲ್ಲಿ ಕುಂದರು. ಚಿತ್ರ ಬರೋಬ್ಬರಿ ಆತು.”

ಕುಳಿತೆ. ಆಗಿತ್ತು. ಎರಡು ಪಾದ, ಪೆಡಲು, ಕೆಳಗೆ ಬಿದ್ದ ತುಂಡುಬಟ್ಟೆ, ಮಷಿನ್ನಿನ ಅಡಿಯಲ್ಲಿ ಮಲಗಿದ ಬೆಕ್ಕು. ಬೆಕ್ಕು ಬೇರೆಯದೇ ಇರಬೇಕು, ಆದರೆ ಜಾಗ ಅದೇ. ಸುಮಿಗೆ ಅಳತೆ ಬರುತ್ತಿತ್ತು. ಆಕೆ ಊರನ್ನು ಒಂದನೇ ಇಯತ್ತೆಯ ಎತ್ತರದಿಂದ ಬರೆದಿದ್ದಳು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕುಕ್ಕರಗಾಲಿನ ಯಾತ್ರೆ. ಬ್ಯಾಂಕಿನೆದುರು ಕುಳಿತೆವು, ಅಂಚೆಪೆಟ್ಟಿಗೆಯ ಬುಡದಲ್ಲಿ ಕುಳಿತೆವು, ಹಾಲಿನ ಅಂಗಡಿಯ ಕಟ್ಟೆಯ ಕೆಳಗೆ ಕುಳಿತೆವು. ಮೂವತ್ತಕ್ಕೂ ಹೆಚ್ಚು ವರ್ಷ ಈ ಊರಿನಲ್ಲಿ ಸಂಸಾರ ಮಾಡಿದ್ದೇನೆ, ಹತ್ತಿಯ ಗೋದಾಮಿನ ಬಾಗಿಲಿನ ಕೆಳಗೆ ಬೆಕ್ಕಿಗೆಂದೇ ಕೊರೆದ ಕಮಾನಿದೆ ಎಂದು ನನಗೆ ಗೊತ್ತಿರಲಿಲ್ಲ. ಕಟ್ಟೆಗಳ ಅಡಿಯಲ್ಲಿ ಸುಣ್ಣ ಒರೆಸಿದ ಬೆರಳುಗಳ ಗುರುತು ಎಷ್ಟೊಂದು. ನಮ್ಮನ್ನು ಕಂಡು ಜನ ನಿಂತರು, ಏನು ಕಳೆದಿದೆ ಎಂದು ಕೇಳಿದರು, ಉತ್ತರ ತಿಳಿಯದೆ ಪಕ್ಕದಲ್ಲಿ ತಾವೂ ಕುಳಿತರು. ಕಿತ್ತೂರಿನ ಕೋಟೆಗೆ ಹೋದಾಗಲಂತೂ ಪ್ರವಾಸಕ್ಕೆ ಬಂದಿದ್ದ ಒಂದು ಸಾಲೆಯ ಮಕ್ಕಳು, ಮಾಸ್ತರರ ಸಮೇತ, ಮುರಿದ ಗೋಡೆಯ ಮುಂದೆ ಸಾಲಾಗಿ ಕುಕ್ಕರಿಸಿದರು. ಇದು ಅಲ್ಲಿಯ ಪದ್ಧತಿ ಇರಬೇಕೆಂದು ಅವರು ತಿಳಿದರು.

ಊರೆಲ್ಲ ತಾಳೆಯಾಯಿತು, ಗುಡ್ಡ ಮಾತ್ರ ಆಗಲಿಲ್ಲ. ನಮ್ಮ ಊರಿನ ಸುತ್ತ ಅಂಥ ಗುಡ್ಡವಿಲ್ಲ. ಹಾಗಾಗಿ ಸವದತ್ತಿಯ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಈ ಹುಡುಕಾಟದ ಖರ್ಚೆಲ್ಲ ತನ್ನೊಬ್ಬನದೇ ಎಂದು ಇವರು ಕಂಡಕ್ಟರನ ಮುಂದೆ ಗೊಣಗಿದರು.

ನಮ್ಮ ಸೀಮೆಯ ಒಂದು ಗುಣ ನಿಮಗೆ ಗೊತ್ತಿರಬಹುದು. ಹುಡುಕಿಕೊಂಡು ಬಂದವರಿಗೆ ಇಲ್ಲ ಎನ್ನುವ ಮಾತನ್ನು ಇಲ್ಲಿ ಯಾರೂ ಆಡುವುದಿಲ್ಲ. ದಾರಿ ಗೊತ್ತಿಲ್ಲದವನೂ ಕೈ ತೋರಿಸುತ್ತಾನೆ, ಬೇಕಾದರೆ ಅರ್ಧ ದಾರಿ ಜೊತೆಗೂ ಬರುತ್ತಾನೆ. ಸವದತ್ತಿಯಲ್ಲಿ ಚಹಾದ ಅಂಗಡಿಯವರು ಪುಸ್ತಕ ತಿರುವಿ ನೋಡಿ, ಇದು ನಮ್ಮದೇ ಗುಡ್ಡ, ಕೆಂಪು ಚುಕ್ಕೆ ಅಂದರೆ ನಿಶಾನೆ, ನೀಲಿ ಹೊಲ ಅಂದರೆ ಕೆರೆ ಎಂದು ಬಿಡಿಸಿ ಹೇಳಿದರು. ಗುಡ್ಡ ಕಪ್ಪಗಿಲ್ಲವಲ್ಲ ಎಂದರೆ, ಮೋಡ ಬಂದಾಗ ಕಪ್ಪಗಾಗುತ್ತದೆ, ಕುಳಿತುಕೊಳ್ಳಿ ಎಂದರು. ಮೋಡಕ್ಕಾಗಿ ಸಂಜೆಯತನಕ ಕುಳಿತೆವು. ನವಿಲುತೀರ್ಥದಲ್ಲಿ ಮೀನು ಮಾರುವ ಒಬ್ಬರು ಇನ್ನೂ ಜಾಣರು. ಆ ಗುಡ್ಡ ಇದ್ದದ್ದು ನಿಜ, ಅಣೆಕಟ್ಟು ಕಟ್ಟಿದಾಗ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದಾಗ ಬನ್ನಿ, ತುದಿ ಕಾಣುತ್ತದೆ ಎಂದರು. ಸುಮಿ ಹುಟ್ಟುವ ಎಷ್ಟೋ ಮೊದಲೇ ಕಟ್ಟಿದ ಅಣೆಕಟ್ಟು ಅದು. ಆದರೂ ನಾನು ಬೇಸಿಗೆಯನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅಲ್ಲಿಂದ ಸುರೇಬಾನಕ್ಕೆ ಹೋದರೆ ಅಲ್ಲಿಯವರಿಗೆ ಸಿಟ್ಟು ಬಂದಿತ್ತು. ಪುಸ್ತಕದಲ್ಲಿ ಅವರ ಊರಿನ ಬಸ್ ನಿಲ್ದಾಣದ ಹಿಂಭಾಗ ಮಾತ್ರ ಬಂದಿದೆಯಂತೆ, ಮುಂಭಾಗ ಬಣ್ಣ ಬಳಿದು ಚೆನ್ನಾಗಿಟ್ಟದ್ದು ಕಾಣಲಿಲ್ಲವಂತೆ. ಮುಂದಿನ ಪುಸ್ತಕದಲ್ಲಿ ಮುಂಭಾಗ ಹಾಕಿಸುತ್ತೇನೆಂದು ನಾನು ಮಾತು ಕೊಟ್ಟ ಮೇಲೆ ಗುಡ್ಡ ಸಾಲಹಳ್ಳಿಯ ಕಡೆಗಿದೆ ಎಂದು ಹೇಳಿಕೊಟ್ಟರು. ಸಾಲಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ನಮ್ಮನ್ನು ಕೂರಿಸಿ, ರೊಟ್ಟಿ ಊಟ ಹಾಕಿ, ಹೊಲದಾಚೆಯ ಒಂದು ದಿಬ್ಬ ತೋರಿಸಿದರು. ದಿಬ್ಬವೇನೋ ಕಪ್ಪಗಿತ್ತು, ನಡುವೆ ಬಿಳಿ ದಾರಿ ಇರಲಿಲ್ಲ. ನನ್ನ ಮುಖ ಬಾಡಿದ್ದು ಅವರಿಗೆ ನೋಡಲಾಗಲಿಲ್ಲ.

“ಮನಸ್ಸಿಗೆ ಹಚಗೋಬ್ಯಾಡ್ರಿ ಯವ್ವಾ. ಬರೂ ಸೋಮವಾರದೊಳಗ ಸುಣ್ಣ ಹಾಕಿ ನೆಟ್ಟಗ ಗೆರಿ ಹೊಡಸತೇನಿ. ತುದಿಗೊಂದು ಕೆಂಪು ಧ್ವಜಾನೂ ನೆಡಸತೇನಿ.”

ಆ ಮಾತಿಗೆ ನನಗೆ ಅಳು ಬಂದುಬಿಟ್ಟಿತು. ಗುರುತು ಪರಿಚಯವಿಲ್ಲದ ಮನುಷ್ಯ ನನಗಾಗಿ ಗುಡ್ಡವನ್ನೇ ತಿದ್ದಲು ತಯಾರಿದ್ದಾರೆ, ಎಣ್ಣೆ ಹಚ್ಚಿ ಬೆಳೆಸಿದ ಹುಡುಗಿ ಗುಡ್ಡದ ಹೆಸರು ಹೇಳಲು ತಯಾರಿಲ್ಲ. ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಕುಳಿತೆ. ನಾನು ಸುಮಿಯನ್ನು ಅಷ್ಟು ಹೆದರಿಸಿದ್ದೆನೇ ಎಂದು ಇವರನ್ನು ಕೇಳಿದೆ. ಇವರು ಕನ್ನಡಕ ಹಣೆಗೇರಿಸಿ ಕೊನೆಯ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡಿದ್ದರು. ಬೈಲಹೊಂಗಲ ಹತ್ತಿರ ಬಂದಾಗ ಒಂದೇ ಮಾತು ಕೇಳಿದರು.

“ನೀಲಿ ಹೊಲ ಯಾವ ಊರಾಗ ಅದಾವು?”

ಕೆರೆಯಿರಬೇಕು ಎಂದೆ. ಕೆರೆಗೆ ನಾಲ್ಕು ಮೂಲೆಗೆ ಹಗ್ಗ ಯಾರು ಕಟ್ಟುತ್ತಾರೆ ಎಂದರು. ನೋಡಿದರೆ ಹೌದು, ಪ್ರತಿ ಹೊಲದ ಮೂಲೆಯಿಂದಲೂ ಕೂದಲೆಳೆಯಂಥ ಗೆರೆ ಹೊರಟಿತ್ತು. ಅವು ಹೊಲಗಳಲ್ಲ, ಸಂತೆಯಲ್ಲಿ ನೆರಳಿಗೆ ಕಟ್ಟುವ ತಾಡಪತ್ರಿಗಳು. ಪೊದೆಗಳಲ್ಲ, ಜನರ ತಲೆಗಳು. ಅದು ನಮ್ಮ ಶುಕ್ರವಾರದ ಸಂತೆ, ಆದರೆ ಮೇಲಿನಿಂದ ನೋಡಿದ್ದು. ಸಂತೆಯ ನಡುವೆ ಗುಡ್ಡ ಎಲ್ಲಿಂದ ಬಂತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಸಂತೆಗೆ ಹೋದೆವು. ರಸ್ತೆ ಅಗಲ ಮಾಡಿ ಬೇವಿನ ಮರ ಕಡಿದಿದ್ದಾರೆ, ಉಳಿದಂತೆ ಸಂತೆ ಇದ್ದಂತೆಯೇ ಇದೆ. ಕುಳಿತು ನೋಡಿದರೆ ಕಾಲುಗಳು ಮಾತ್ರ ಕಾಣುತ್ತವೆ. ನಾನು ನಿಂತು ನೋಡಿದರೂ ಚಿತ್ರಕ್ಕಿಂತ ಕೆಳಗಾಯಿತು. ಮಾಳಿಗೆ ಹತ್ತಿ ನೋಡಿದರೆ ತೀರ ಮೇಲಾಯಿತು. ಕೊನೆಗೆ ಚಹಾದ ಅಂಗಡಿಯಿಂದ ಒಂದು ಸ್ಟೂಲು ತಂದು ರಸ್ತೆಯ ಬದಿಗೆ ಇಟ್ಟೆವು. ಚಿತ್ರ ನೋಡುವುದರಲ್ಲಿ ತಾನೇ ಹುಷಾರು ಎಂದು ಸಾಬೀತಾಗಿರುವುದರಿಂದ ಹತ್ತುವವನೂ ತಾನೇ ಎಂದು ಇವರು ಹಟ ಹಿಡಿದರು. ಮೊಣಕಾಲು ನಡುಗುತ್ತಿತ್ತು. ಬೀಳದಿರಲೆಂದು ನಾನು ಅವರಿಗೆ ಬೆನ್ನು ಮಾಡಿ ಸ್ಟೂಲಿಗೆ ಒತ್ತಿ ನಿಂತೆ, ಅವರು ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು ನೋಡತೊಡಗಿದರು. ರುದ್ರವ್ವ, ಆಕೆಯ ಮೊಮ್ಮಗಳು, ಅರ್ಧ ಸಂತೆ ನಮ್ಮನ್ನು ನೋಡುತ್ತಿತ್ತು.

“ಶಾಂತಾ, ಗುಡ್ಡ ಸಿಕ್ಕಿತು.”

ಎಲ್ಲಿದೆ ಎಂದು ಕತ್ತು ಹೊರಳಿಸಹೋದೆ.

“ಅಲ್ಲಾಡಬ್ಯಾಡ. ನೀ ಅಲ್ಲಾಡಿದರ ಗುಡ್ಡಾನೂ ಅಲ್ಲಾಡತೈತಿ.”

ನನಗೆ ಅರ್ಥವಾಗಲಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕೆಳಗೆ ಬಗ್ಗಿ ನನ್ನ ಕೈಗೆ ಕೊಟ್ಟರು. ಆಚೆ ಅದೇ ತಾಡಪತ್ರಿಗಳು, ಅವೇ ತಲೆಗಳು. ಈಚೆ, ಗುಡ್ಡವಿರಬೇಕಾದ ಕಡೆ, ನನ್ನ ನೆತ್ತಿ. ನಡುವೆ ನೆಟ್ಟಗೆ ಬೈತಲೆ, ಅದರ ತುದಿಗೆ ಕುಂಕುಮ, ಕೆಳಗೆ ತುರುಬಿಗೆ ಮುಡಿದ ಕೇಸರಿ ಬಣ್ಣದ ಅಬ್ಬಲಿಗೆ ಹೂವಿನ ದಂಡೆ. ಎಣ್ಣೆಯಿಂದ ಮಿರಮಿರ ಮಿಂಚುತ್ತಿದ್ದ ಆ ಕಾಲದ ಕಪ್ಪು ಗುಡ್ಡ ಈಗ ಬೆಳ್ಳಗಾಗಿತ್ತು, ಅದಕ್ಕೇ ಯಾರಿಗೂ ಗುರುತು ಸಿಕ್ಕಿರಲಿಲ್ಲ.

ಆಗ ನೆನಪಾಯಿತು. ಇಂಥದೇ ಒಂದು ಶುಕ್ರವಾರ, ಸಂತೆಯಲ್ಲಿ ಎತ್ತುಗಳು ಬೆದರಿ ಜನ ನುಗ್ಗಿದಾಗ ಸುಮಿ ಕಿರುಚಿಕೊಂಡಿದ್ದಳು. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಳ್ಳುವುದು ವಾಡಿಕೆ, ನಾನು ಹಿಂದೆಮುಂದೆ ನೋಡದೆ ಗಂಡಸರಂತೆ ಹೆಗಲ ಮೇಲೆ ಕೂರಿಸಿಕೊಂಡೆ. ಇವರು ನಾಚಿಕೊಂಡು ಬೇರೆ ಓಣಿಯಿಂದ ಮನೆಗೆ ಹೋಗಿದ್ದರು. ಆ ಮೇಲೆ ಸಂತೆಗೆ ಹೋದಾಗಲೆಲ್ಲ ಆಕೆಗೆ ಅದೇ ಬೇಕಾಗುತ್ತಿತ್ತು, ಎರಡೂ ಕೈಯಿಂದ ನನ್ನ ತಲೆಯನ್ನು ನೀರಿನ ಕೊಡದ ಹಾಗೆ ತಬ್ಬಿ ಹಿಡಿದು ಕುಳಿತಿರುತ್ತಿದ್ದಳು. ನನಗೆ ಅದು ಮರೆತೇ ಹೋಗಿತ್ತು. ಮರೆಯದಿದ್ದರೂ ಅಲ್ಲಿಂದ ಏನು ಕಾಣುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನಾಲ್ಕು ಊರು ತಿರುಗಿದೆನಲ್ಲ, ಅಷ್ಟೂ ದಾರಿ ಗುಡ್ಡವನ್ನು ಹೊತ್ತುಕೊಂಡೇ ತಿರುಗಿದ್ದೆ. ನನಗೆ ಸಂತೆಯ ನಡುವೆಯೇ ನಗುವೂ ಅಳುವೂ ಒಟ್ಟಿಗೆ ಬಂದವು. ಚಹಾದ ಅಂಗಡಿಯವರು ಗಿರಾಕಿ ಬಂದಿದ್ದಾರೆ, ಸ್ಟೂಲು ಕೊಡಿ ಎಂದರು. ಇವರಿಗೆ ಹತ್ತಲು ಬಂದಿತ್ತು, ಇಳಿಯಲು ಬರಲಿಲ್ಲ, ಮೂವರು ಸೇರಿ ಇಳಿಸಬೇಕಾಯಿತು.

ಸುಮಿಗೆ ಆ ಫೋಟೋ ಕಳಿಸಿದೆ, ಮಾತು ಬರೆಯಲಿಲ್ಲ. ರವಿವಾರ ಬೆಳಗಿನ ಬಸ್ಸಿಗೇ ಬಂದಿಳಿದಳು. ನಾನು ಹಂಡೆಗೆ ಬೆಂಕಿ ಹಾಕಿ, ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಬಟ್ಟಲು ಕಿತ್ತುಕೊಂಡು ನನ್ನನ್ನೇ ಮಣೆಯ ಮೇಲೆ ಕೂರಿಸಿದಳು. ನಾನು ಆಣೆ ಇಟ್ಟುಕೊಂಡಂದಿನಿಂದ ಒಣಗಿದ್ದ ನೆತ್ತಿ. ಎಣ್ಣೆ ಬಲು ಬಿಸಿಯಾಗಿತ್ತು, ನಾನು ಹಾಕಿದ ಕೂಗಿಗೆ ಓಣಿಯ ಮಕ್ಕಳೆಲ್ಲ ಗೋಡೆಯ ಮೇಲೆ ಹತ್ತಿ, ರಾಕ್ಷಸಿಗೇ ಎಣ್ಣೆ ಹಚ್ಚುವವರು ಯಾರೆಂದು ನೋಡಿದರು.

ಬೆರಳಿನಿಂದ ಬೈತಲೆ ಬಿಡಿಸುತ್ತಿದ್ದ ಸುಮಿಯ ಕೈ ನಡುವೆ ನಿಂತಿತು.

“ದಾರಿ ಅಗಲ ಆಗೇತಿ ದೊಡ್ಡವ್ವ.”

“ಊರು ಬೆಳದೈತೆವಾ. ಎಲ್ಲಾ ದಾರಿನೂ ಅಗಲ ಮಾಡ್ಯಾರ.”

ಆಕೆ ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಎರಡೂ ಕೈಯಿಂದ ನನ್ನ ತಲೆಯನ್ನು ತಬ್ಬಿ ಹಿಡಿದುಕೊಂಡಳು. ಹಂಡೆಯ ನೀರು ಕುದಿಯತೊಡಗಿತ್ತು, ಇಬ್ಬರೂ ಏಳಲಿಲ್ಲ.